ಆರರ ಪಕ್ಕದ ಸೊನ್ನೆ

ಒಂದು ಸೊನ್ನೆ ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಬೊಮ್ಮನಹಳ್ಳಿಯ ನರ್ಸಿಂಗ್ ಕಾಲೇಜಿನ ಮೇಷ್ಟ್ರು ರೇವಣಸಿದ್ದ ಕಣ್ಣು ಮಿಟುಕಿಸುವಷ್ಟರಲ್ಲಿ ಆರರ ಪಕ್ಕ ಒಂದು ಸೊನ್ನೆ ಬರೆದು, ತನ್ನ ಸಂಶೋಧನಾ ಲೇಖನವನ್ನು ಜರ್ನಲ್ಲಿಗೆ ಕಳಿಸಿಬಿಟ್ಟಿದ್ದ. ಅಚ್ಚೂ ಆಗಿಹೋಯಿತು.

ಪಾಪ, ಅವನೇನು ಹುಟ್ಟಾ ಕಳ್ಳನಲ್ಲ. ಲೇಖನ ಅಚ್ಚಾಗದೆ ಕೆಲಸ ಕಾಯಂ ಆಗುವುದಿಲ್ಲ ಎಂದು ಪ್ರಿನ್ಸಿಪಾಲ್ ಈಶ್ವರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು. ಗಾರ್ಮೆಂಟ್ಸ್ ಹೆಂಗಸರು ಕೆಲಸದ ಹೊತ್ತಿನಲ್ಲಿ ಎಷ್ಟು ನೀರು ಕುಡಿಯುತ್ತಾರೆ ಎಂಬ ವಿಷಯ ಆರಿಸಿಕೊಂಡು, ಪ್ರಶ್ನೆಗಳ ಹಾಳೆ ಹಿಡಿದು, ತಾನು ಬಾಡಿಗೆಗಿದ್ದ ವಠಾರದಲ್ಲೇ ಶುರುಮಾಡಿದ. ಐದು ಮನೆ ಹೇಗೋ ದಾಟಿತು. ಆರನೆಯವಳು ಮಹಾದೇವಿ, ಅವನ ಸೀಮೆಯವಳೇ, ಸುರಪುರದ ಕಡೆಯವಳು.

"ನೀರ ಕುಡದ್ರ ಬಾತ್‌ರೂಮಿಗೆ ಹೋಗಬೇಕಾಗ್ತದರಿ ಸರ. ಹೋದ್ರ ಸೂಪರ್‌ವೈಜರ್ ಗಡಿಯಾರ ನೋಡಿ ಬೈತಾನ. ಅದಕ್ಕ ನಾ ಕುಡಿಯಂಗೇ ಇಲ್ಲ. ಸಂಜೀಕ ಒಂದಕ್ಕ ಹೋದ್ರ ಬೆಂಕಿ ಉರದಂಗ ಉರೀತದ. ಮತ್ತೇನರ ಕೇಳೂದದ ಏನ್ರಿ?"

ಇನ್ನೂ ಹದಿನಾಲ್ಕು ಪ್ರಶ್ನೆಗಳಿದ್ದವು, ಒಂದಕ್ಕಿಂತ ಒಂದು ಖಾಸಗಿಯವು. ರೇವಣಸಿದ್ದನಿಗೆ ತಲೆ ಎತ್ತಲಾಗಲಿಲ್ಲ. "ಸಾಕವ್ವ" ಎಂದವನೇ ಹಾಳೆ ಮಡಚಿಕೊಂಡು ಮನೆ ಸೇರಿದ. ಆಮೇಲೆ ಯಾರ ಬಾಗಿಲನ್ನೂ ತಟ್ಟಲಿಲ್ಲ. ಆರು ಜನರ ಉತ್ತರವನ್ನೇ ಹತ್ತತ್ತು ಸಲ ಎಣಿಸಿ ಅರವತ್ತು ಮಾಡಿದ.

ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ಈಶ್ವರಮ್ಮನವರ ಫೋನು ಬಂತು.

"ರೇವಣಸಿದ್ದ, ನಿಮ್ ಲೇಖನಕ್ಕೆ ಬಹುಮಾನ ಕಣ್ರೀ! ಜರ್ನಲ್ ಸಂಪಾದಕರು ರಾಜೇಂದ್ರ ಸಾರ್ ಹನ್ನೊಂದಕ್ಕೆ ಖುದ್ದಾಗಿ ಬರ್ತಿದ್ದಾರೆ. ಆ ಅರವತ್ತು ಹೆಂಗಸರನ್ನೂ ಮಾತಾಡಿಸಿ, ಸಹಿ ತಗೊಂಡು, ಆಮೇಲೇ ಬಹುಮಾನ ಕೊಡೋದು ಅವರ ಪದ್ಧತಿಯಂತೆ. ಎಲ್ಲಾರ್ನೂ ಕರ್ಕೊಂಡ್ಬನ್ನಿ. ನಾನು ಅರವತ್ತು ಸ್ಟೀಲ್ ಬಾಟ್ಲು ತರಿಸಿದೀನಿ. ನಿಮ್ ಕಾಯಂ ಆರ್ಡರ್ರೂ ಅಲ್ಲೇ ಕೈಗೆ ಕೊಟ್ಬಿಡ್ತೀನಿ."

"ಮೇಡಂ, ಇವತ್ತು ಭಾನುವಾರ..."

"ಅದಕ್ಕೇ ಅಲ್ವೇನ್ರೀ, ಗಾರ್ಮೆಂಟ್ಸ್‌ಗೆ ರಜಾ!"

ಫೋನು ಇಟ್ಟ ರೇವಣಸಿದ್ದ ಹೊಸ್ತಿಲ ಮೇಲೆ ಕುಸಿದು ಕೂತ. ವಠಾರದ ಮಾಲೀಕ ಆವಲಪ್ಪ ಹಲ್ಲುಜ್ಜುತ್ತಾ ಆ ಕಡೆಯೇ ಬಂದ. ಊರು ಹಳ್ಳಿಯಾಗಿದ್ದಾಗಿನಿಂದ ಇದ್ದ ಮನೆತನ. ಬಾಡಿಗೆದಾರರ ಬೇಳೆಗೆ ಉಪ್ಪು ಹೆಚ್ಚಾದರೂ ಅವನಿಗೆ ಗೊತ್ತಾಗಬೇಕು.

"ಯಾಕ್ ಮೇಷ್ಟ್ರೇ, ಇಂಗೆ ಕುಂತಿದ್ದೀರಾ ಹೆಣ ಕಾಯೋರಂಗೆ?"

ಹೇಳಬಾರದಿತ್ತು. ಆದರೆ ಹೇಳಿಕೊಳ್ಳದೆ ಎದೆ ಒಡೆದುಹೋಗುವಂತಿತ್ತು. ಸೊನ್ನೆಯ ಕತೆಯನ್ನೆಲ್ಲ ಹೇಳಿ, ಐವತ್ತನಾಲ್ಕು ಜನ ಕಮ್ಮಿ ಎಂದು ಮುಖ ಮುಚ್ಚಿಕೊಂಡ.

"ಅಷ್ಟೇನಾ?" ಆವಲಪ್ಪ ಪಿಚಕ್ಕೆಂದು ಉಗುಳಿದ. "ಎಲೆಕ್ಷನ್ನಾಗೆ ಲಾರಿ ಲಾರಿ ಜನ ತುಂಬಿಸ್ದೋನು ನಾನು. ಐವತ್ನಾಕು ಯಾವ ಲೆಕ್ಕ?"

"ಬ್ಯಾಡ ಅಣ್ಣ, ತಪ್ಪಾಗ್ತದ."

"ತಪ್ಪು ಆಗ್ಲೇ ಆಗೋಗೈತೆ. ಈಗ ಬೇಕಾಗಿರೋದು ಜನ."

ರೇವಣಸಿದ್ದ ಕೈಮುಗಿದು ತಡೆಯುವಷ್ಟರಲ್ಲಿ ಗಣೇಶನ ಕಮಿಟಿಯ ಮೈಕು ಆಟೋ ಏರಿತ್ತು. "ಅಮ್ಮಂದಿರೇ, ಅಕ್ಕಂದಿರೇ, ಕಾಲೇಜಲ್ಲಿ ಪುಗಸಟ್ಟೆ ಸ್ಟೀಲ್ ಬಾಟ್ಲು! ರೇವಣಸಿದ್ದ ಮೇಷ್ಟ್ರು ನಿಮ್ಮನ್ನ ಪ್ರಶ್ನೆ ಕೇಳಿದ್ರಾ ಅಂದ್ರೆ ಹೂಂ ಕೇಳಿದ್ರು ಅನ್ನಿ, ಬಾಟ್ಲು ಈಸ್ಕಳಿ!" ತನ್ನ ಹೆಸರು ಬೀದಿ ಬೀದಿಯಲ್ಲಿ ಮೊಳಗುವುದನ್ನು ಕೇಳುತ್ತಾ ರೇವಣಸಿದ್ದ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಹನ್ನೊಂದಕ್ಕೆ ಕಾಲೇಜಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಶ್ವರಮ್ಮ ಅವನ ಹೆಗಲಿಗೆ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟರು. ಪೇಟ ಸಡಿಲವಾಗಿ ಕಣ್ಣಿನ ತನಕ ಜಾರಿತು. ಅಷ್ಟರ ಮಟ್ಟಿಗೆ ಯಾರ ಮುಖವೂ ಕಾಣುವುದಿಲ್ಲವಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು.

ಬೆಳ್ಳಿಕೂದಲಿನ ರಾಜೇಂದ್ರ ಸಾರ್ ರಿಜಿಸ್ಟರ್ ಬಿಚ್ಚಿ ಒಬ್ಬೊಬ್ಬರನ್ನೇ ಕರೆದರು. "ಇವ್ರು ನಿಮ್ಮನ್ನ ಪ್ರಶ್ನೆ ಕೇಳಿದ್ರೇನಮ್ಮಾ?"

"ಕೇಳವ್ರೆ ಸಾರ್! ನಮ್ಮನೇಲಿ ಕಾಫಿ ಕುಡ್ಕೊಂಡೇ ಕೇಳವ್ರೆ."

"ನನ್ನ ಮೂರ್ ಸಲ ಕೇಳಿದ್ರು. ಕೊನೇಗೆ ಪಾಪ, ಕಣ್ಣಲ್ಲಿ ನೀರ್ ಹಾಕ್ಕೊಂಡ್ರು."

ವಠಾರದ ಆರು ಮಂದಿ ಬಿಟ್ಟರೆ ಒಬ್ಬರನ್ನೂ ಅವನು ಜನ್ಮದಲ್ಲಿ ನೋಡಿರಲಿಲ್ಲ. ಸುಳ್ಳು ಹೇಳಿದವರೇ ಆಮೇಲೆ ದನಿ ತಗ್ಗಿಸಿ, ಹೊಟ್ಟೆನೋವು, ಉರಿ, ಮೆಷಿನ್ ಬಿಟ್ಟು ಏಳಲಾಗದ ಪಾಡು ಹೇಳಿಕೊಳ್ಳುತ್ತಿದ್ದರು. ಅದು ಮಾತ್ರ ನಿಜ. ಹಾಳೆ ಹಿಡಿದು ಇವರ ಬಾಗಿಲಿಗೆ ಹೋಗಿದ್ದರೆ ಅಂದೇ ಹೇಳುತ್ತಿದ್ದರಲ್ಲ ಎಂದು ಅವನಿಗೆ ನಿಂತಲ್ಲೇ ಭೂಮಿಗಿಳಿದು ಹೋಗುವಂತಾಯಿತು.

ಅರವತ್ತನೆಯ ಬಾಟ್ಲೂ ಕೊಟ್ಟಾಯಿತು. ಸಾಲು ಮಾತ್ರ ಕರಗಲಿಲ್ಲ. "ನಾವೇನ್ ಸುಳ್ಳು ಹೇಳ್ತೀವಾ? ನಮ್ಮನ್ನೂ ಕೇಳವ್ರೆ, ಬರ್ಕಳಿ!" ಎಂದು ಹೆಂಗಸರು ಮೇಜು ಮುತ್ತಿದರು. ರಾಜೇಂದ್ರ ಸಾರ್ ಬರೆಯುತ್ತಲೇ ಹೋದರು. ಕೊನೆಗೆ ಪೆನ್ನು ಇಟ್ಟು, ಕನ್ನಡಕ ತೆಗೆದು, ಅವನನ್ನೇ ದಿಟ್ಟಿಸಿದರು.

"ನೂರ ನಲವತ್ತಮೂರು ಜನ. ಲೇಖನದಲ್ಲಿ ಅರವತ್ತು. ಉಳಿದ ಎಂಬತ್ತಮೂರು ಜನರ ಉತ್ತರ ಎಲ್ಲಿ ಸ್ವಾಮಿ?"

ರೇವಣಸಿದ್ದ ಪೇಟವನ್ನು ಹಣೆಯ ಮೇಲಕ್ಕೆ ಸರಿಸಿದ.

"ನಿಮಗೆ ಬೇಕಾದ ಉತ್ತರ ಇಟ್ಕೊಂಡು, ಬೇಡದ್ದನ್ನ ಮುಚ್ಚಿಟ್ರಿ, ಅಲ್ವಾ? ಸಂಶೋಧನೆಯಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಉಂಟೇನ್ರೀ?"

ಇನ್ನು ತಡೆಯಲಾಗಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟು, ಕೈಮುಗಿದು, "ಸಾರ್, ನಾನು ಕೇಳಿದ್ದೇ ಆರು ಜನರನ್ನ. ಉಳಿದದ್ದೆಲ್ಲ ಸುಳ್ಳು" ಎಂದ. ವರ್ಷದ ಭಾರ ಇಳಿದಂತಾಯಿತು.

ಹಾಲಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ನಮ್ಮನ್ನ ಸುಳ್ಳಿಯರು ಅಂತಾನಾ ಎಂದು ಎಲ್ಲರೂ ಮೈಮೇಲೆ ಬಂದರು. ಗಲಾಟೆಯ ನಡುವೆ ಮಹಾದೇವಿ ಮುಂದೆ ನುಗ್ಗಿದಳು. ತನ್ನ ಸೀಮೆಯ ಮೇಷ್ಟ್ರನ್ನು ಉಳಿಸಲೇಬೇಕೆಂದು ಅವಳ ಹಟ.

"ಸರ ಭಾಳ ನಾಚಿಕಿ ಮನಷ್ಯಾರ್ರೀ, ಅಂಜಿ ಹಂಗಂತಾರ. ನನಗ ಕೇಳ್ಯಾರ, ನಮ್ಮವ್ವನಾಣಿ ಕೇಳ್ಯಾರ!"

ಅವಳ ಕಣ್ಣಿನಲ್ಲಿದ್ದ ಸತ್ಯವನ್ನು ರಾಜೇಂದ್ರ ಸಾರ್ ನೋಡಿಯೇ ನೋಡಿದರು. "ಇಂಥಾ ಹೆಣ್ಮಗಳನ್ನೂ ಸುಳ್ಳುಗಾತಿ ಮಾಡೋಕೆ ಹೊರಟ್ರಲ್ರೀ, ಥೂ" ಎಂದು ಎದ್ದುಬಿಟ್ಟರು. ಬಹುಮಾನ ಅವರ ಬ್ಯಾಗಿಗೆ ವಾಪಸಾಯಿತು. ಈಶ್ವರಮ್ಮ ಕಾಯಂ ಆರ್ಡರನ್ನು ನಾಲ್ಕು ಚೂರು ಮಾಡಿ, ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದರು. 'ಎಂಬತ್ತಮೂರು ಮಹಿಳೆಯರ ಉತ್ತರಗಳನ್ನು ಬೇಕೆಂದೇ ಮುಚ್ಚಿಟ್ಟಿದ್ದೇನೆ, ಕ್ಷಮೆಯಿರಲಿ' ಎಂದು ಅವರು ಹೇಳಿದ ಹಾಗೆ ಬರೆದು ರೇವಣಸಿದ್ದ ಸಹಿ ಹಾಕಿದ.

ಹೊರಗೆ ಗೇಟಿನಲ್ಲಿ ಹೆಂಗಸರು ಅವನನ್ನು ಅಡ್ಡಗಟ್ಟಿದರು. ಎಲ್ಲರಿಗಿಂತ ಮುಂದೆ ಆವಲಪ್ಪ ನಿಂತಿದ್ದ, ಮುಖ ಕೆಂಪಗೆ ಮಾಡಿಕೊಂಡು.

"ಅಲ್ಲಾ ಮೇಷ್ಟ್ರೇ, ಪಾಪ ಎಂಬತ್ಮೂರು ಜನ ಬಾಯ್ಬಿಟ್ಟು ಕಷ್ಟ ಹೇಳ್ಕಂಡವ್ರೆ, ಅದನ್ನ ಮುಚ್ಚಿಡೋದಾ? ನಾಚ್ಕೆ ಆಗಾಕಿಲ್ವಾ ನಿಮ್ಗೆ?"