ಐದು ಗಂಟೆಗೆ ಏಳುವ ವಂಶ

ಬೇಗ ಏಳುವವರು ಶಿಸ್ತಿನವರು, ಹೊತ್ತೇರುವ ತನಕ ಮಲಗುವವರು ಮೈಗಳ್ಳರು ಎಂದು ಊರೆಲ್ಲ ನಂಬಿದೆ. ಈ ತೀರ್ಪು ಕೊಟ್ಟವರು ಬೇಗ ಏಳುವವರೇ. ನಮ್ಮಂಥ ಸೂರ್ಯವಂಶದವರು ಎದ್ದು ಕಣ್ಣುಜ್ಜಿಕೊಂಡು ತಕರಾರು ಹೇಳುವಷ್ಟರಲ್ಲಿ ಅವರ ಪಂಚಾಯ್ತಿ ಮುಗಿದಿರುತ್ತದೆ. ನಾನು ಶಹಾಪುರದಲ್ಲಿ ಗುಮಾಸ್ತ. ಬೆಳಗಿನ ಎಂಟಕ್ಕೆ ಮುಂಚೆ ನನಗೆ ನನ್ನ ಹೆಸರೂ ನೆನಪಿರುವುದಿಲ್ಲ. ಮಗಳು ರೇಣುಕಾ ನನಗಿಂತ ಒಂದು ಕೈ ಮೇಲು.

ಹೋದ ಬೇಸಿಗೆಯಲ್ಲಿ ಸುರಪುರದವರು ಅವಳನ್ನು ನೋಡಲು ಬಂದರು. ಹುಡುಗ ಚಲೋ ಇದ್ದ, ಅವಳಿಗೂ ಮನಸ್ಸಾಗಿತ್ತು. ಈ ಸಂಬಂಧ ಎಲ್ಲಿ ತಪ್ಪೀತೋ ಎಂದು ನನಗೆ ಜೀವದಲ್ಲಿ ಜೀವವಿರಲಿಲ್ಲ. ಅಷ್ಟರಲ್ಲಿ ಹುಡುಗನ ತಾಯಿ, "ಮುಂಜಾನಿ ಎಷ್ಟಕ್ಕ ಏಳತಾಳ್ರಿ?" ಎಂದರು.

"ಐದಕ್ರಿ!" ಎಂದುಬಿಟ್ಟೆ.

"ಹೌದೇನ್ರಿ? ಹಂಗಾದ್ರ ಇವತ್ತ ರಾತ್ರಿ ನಾ ಇಲ್ಲೇ ವಸ್ತಿ ಇರತೀನಿ. ನೋಡೇಬಿಡೂಣು."

ಅಡಿಗೆಮನೆಯಲ್ಲಿ ಹೆಂಡತಿ ನನ್ನನ್ನು ಹರಿದು ತಿಂದಳು. "ಸುಳ್ಳ ಹೇಳೂದಾದ್ರ ಏಳು ಅನಬಾರದೇನ್ರಿ? ಐದಂತ ಐದು!"

ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆಯ ಮೇಲೆ ಮಲಗುವವರು. ಯಾರು ಎಷ್ಟಕ್ಕೆ ಏಳುತ್ತಾರೆಂಬುದು ಇಡೀ ಓಣಿಗೆ ಕಾಣುತ್ತದೆ. ಐದಕ್ಕೆ ಏಳುವುದು ನಮ್ಮಿಂದಾಗದ ಮಾತು. ಆದರೆ ಐದರವರೆಗೆ ಮಲಗದೇ ಇರುವುದು ನಮಗೆ ನೀರು ಕುಡಿದಷ್ಟು ಸಲೀಸು! ಆ ತಾಯಿಯ ಗೊರಕೆ ಕೇಳುತ್ತ ಅಪ್ಪ ಮಗಳು ಬೆಳಕು ಹರಿಸಿದೆವು. ಐದಕ್ಕೆ ರೇಣುಕಾ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಚಹಾ ಹಿಡಿದು ನಿಂತಳು.

"ನಮಗ ಇಂಥಾ ಹುಡುಗಿನ ಬೇಕಾಗಿತ್ತು ನೋಡ್ರಿ ಅಣ್ಣಾರ!" ಎಂದರು ಆಕೆ. ಲಗ್ನವೂ ಆಯಿತು.

ವಾರ ಕಳೆಯುವುದರಲ್ಲಿ ಮಗಳ ಫೋನು. "ಅಪ್ಪಾ, ಇವರು ಒಂಬತ್ತಾದ್ರೂ ಏಳಂಗಿಲ್ಲ. ಇವರನ್ನ ಎಬ್ಬಸಾಕಂತನ ಅತ್ತಿ ನನ್ನ ಆರಿಸ್ಯಾರ! ನನ್ನ ಯಾರು ಎಬ್ಬಸಬೇಕು?"

ಸುಳ್ಳು ಹೇಳಿದವನೇ ಎಬ್ಬಿಸಬೇಕು, ಇನ್ನಾರು? ಅಂದಿನಿಂದ ದಿನಾ ಹೆಂಡತಿಯ ಕೈಲಿ ತಿವಿಸಿಕೊಂಡು ಐದಕ್ಕೆದ್ದು ಸುರಪುರಕ್ಕೆ ಫೋನು ಹಚ್ಚುತ್ತೇನೆ. ನಾನು ಮಗಳನ್ನು ಎಬ್ಬಿಸುತ್ತೇನೆ, ಅವಳು ಗಂಡನನ್ನು ಎಬ್ಬಿಸುತ್ತಾಳೆ. ಓಣಿಯವರು ನಾನು ಸುಧಾರಿಸಿದೆನೆಂದು ಹೊಗಳುತ್ತಾರೆ.

ಮೊನ್ನೆ ಮಗಳ ಬದಲು ಬೀಗತಿಯೇ ಫೋನು ಎತ್ತಿಬಿಟ್ಟರು. "ಏನ್ ಬೀಗ್ರ, ಇಷ್ಟು ನಸಿಕಿನ್ಯಾಗ?"

"ನಾ ದಿನಾ ಇಷ್ಟಕ್ಕ ಏಳತೀನ್ರಿ. ನಮ್ಮ ವಂಶದಾಗನ ಬಂದದ" ಎಂದೆ.

ಬೇಗ ಎದ್ದರೆ ಮನುಷ್ಯನ ಸ್ವಭಾವ ಬದಲಾಗುತ್ತದೆಯೇ? ಖಂಡಿತ. ಮೊದಲೆಲ್ಲ ನಾನು ಸುಳ್ಳು ಹೇಳುತ್ತಿದ್ದುದು ಎಂಟರ ಮೇಲೆ. ಈಗ ಐದಕ್ಕೇ ಶುರು.