ಹುಬ್ಬಳ್ಳಿಯ ಜಾರಬಂಡಿ ಮತ್ತು ನಾನು ಕೊಟ್ಟ ಮಾತು

ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವವರಿಗೆ ನಗುವಂಥ ಸಂಗತಿಗಳಿಗೆ ಬರವಿಲ್ಲ, ಬೇಡವೆಂದರೂ ದಿನಕ್ಕೊಂದು ಬಂದು ಮೈಮೇಲೆ ಬೀಳುತ್ತದೆ. ಒಂದೇ ದಿನ ನಾಲ್ಕಾರು ಬಿದ್ದದ್ದನ್ನು ಇಲ್ಲಿ ಬರೆಯುತ್ತೇನೆ. ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಅಕ್ಕಿಆಲೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ, ಊರಿಗೆಲ್ಲ ‘ಅಕ್ಕಾರು’. ಹುಬ್ಬಳ್ಳಿಯಲ್ಲಿ ಮಕ್ಕಳಿಗೆಂದೇ ಒಂದು ಆಟದ ಬಯಲು ಮಾಡಿದ್ದಾರಂತೆ, ಅಲ್ಲಿ ಎರಡಾಳೆತ್ತರದ ಕಬ್ಬಿಣದ ಜಾರಬಂಡಿ, ಸರಪಳಿಯ ಜೋಕಾಲಿ ಎಲ್ಲ ಇವೆಯಂತೆ ಎಂದು ಕೇಳಿ, ಹನ್ನೊಂದು ಹುಡುಗಿಯರನ್ನು ಕರೆದೊಯ್ಯುವ ಹುಕಿ ನನಗೆ ಬಂತು.

ಒಪ್ಪಿಗೆ

ಹನ್ನೊಂದು ಮನೆಗಳಿಗೂ ಹೋಗಿ ಕೇಳಿದೆ. ಒಬ್ಬ ರೈತ, “ಆಟ ಆಡಾಕ ಹುಬ್ಬಳ್ಳಿಗ್ಯಾಕ ಹೋಗಬೇಕ್ರಿ? ನಮ್ಮ ಕಣದಾಗ ಜಾಗಾ ಕಡಿಮಿ ಆಗೇತೇನು?” ಅಂದ.

“ಅಲ್ಲಿ ಜಾರಬಂಡಿ ಐತ್ರಿ.”

“ಜಾರಾಕ ಅಷ್ಟು ದೂರ? ನಮ್ಮ ಕೆರಿ ದಂಡಿ ಮ್ಯಾಲ ನಾವು ಬ್ಯಾಡಂದ್ರೂ ಜಾರ್ತಾವು.”

ಆದರೂ ಕಳಿಸಿದ. ಕೊನೆಯದು ಕಾಳಿನ ವ್ಯಾಪಾರಿಯ ಮನೆ. ಅವನ ಹಿರಿಯ ಮಗಳಿಗೆ ಹದಿನಾಲ್ಕು. ಹಿರೇಕೆರೂರಿನ ಕಡೆಗೆ ಲಗ್ನ ನಿಶ್ಚಯವಾಗಿತ್ತು. ನಿಶ್ಚಯವಾದ ಹುಡುಗಿ ಓಡಬಾರದು, ಹಾರಬಾರದು, ಗಟ್ಟಿಯಾಗಿ ನಗಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ.

“ಕಳಸ್ತೇನ್ರಿ ಅಕ್ಕಾರ. ಆದ್ರ ಹತ್ತೂದು, ಹಾರೂದು, ಜಾರೂದು ಏನೂ ಬ್ಯಾಡ. ಬೀಗರ ಮನಿ ಹೆಣ್ಣಮಕ್ಕಳು ಬರೂ ವಾರ ನೋಡಾಕ ಬರೋರದಾರ. ಮೈಮ್ಯಾಲ ಒಂದು ಗೀರು ಬೀಳಬಾರದು.”

“ಹೆಂಗ ಕಳಸ್ತೀರೋ ಹಂಗ ತಂದು ಒಪ್ಪಸ್ತೇನ್ರಿ,” ಎಂದು ಮಾತು ಕೊಟ್ಟೆ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಹೊರಡುವುದು ನಾಡಿದ್ದು, ಅವಳ ಬುತ್ತಿಯ ಬಟ್ಟೆ ಆಗಲೇ ಮಡಿಕೆಯಾಗಿ ಕಂಕುಳಲ್ಲಿತ್ತು.

ಇದ್ದಲಿ ಬಸ್ಸು

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದವು. ಬೆನ್ನಿಗೆ ನೀರು ಕಾಸುವ ಹಂಡೆಯಂಥದೊಂದು ಇರುತ್ತಿತ್ತು. ಶಿಗ್ಗಾಂವ ಇನ್ನೂ ಮುಂದಿದೆ ಅನ್ನುವಾಗ ಏರಿನಲ್ಲಿ ಬಸ್ಸು ನಿಂತಿತು. “ಎಲ್ಲಾರೂ ಇಳದು ನೂಕ್ರಿ,” ಅಂದ ಡ್ರೈವರ. ನಿಶ್ಚಯವಾದ ಹುಡುಗಿಯೂ ಸೆರಗು ಸಿಕ್ಕಿಸಿ ಕೈಹಚ್ಚಿದಳು. ಅವಳಪ್ಪ ಬೇಡ ಅಂದದ್ದರಲ್ಲಿ ನೂಕುವುದು ಇರಲಿಲ್ಲವೆಂದು ನಾನು ತಡೆಯಲಿಲ್ಲ. ಬದನೆಕಾಯಿ ಬುಟ್ಟಿಯ ಮುದುಕಿಯೊಬ್ಬಳು ಮಾತ್ರ ಬುಟ್ಟಿ ಹೊತ್ತು ನಡೆದೇಬಿಟ್ಟಳು.

“ಎಲ್ಲಿಗಬೇ? ಟಿಕೀಟು ತಗೊಂಡೀಯಲ್ಲ, ನಿಂದ್ರು,” ಎಂದು ಕಂಡಕ್ಟರ ಕೂಗಿದ.

“ನನಗ ಸಂತಿಗೆ ಹೊತ್ತಾಕ್ಕೈತಪ್ಪ. ನಾ ನಡಕೊಂತ ಮುಂದ ಹೋಗಿರ್ತೇನಿ. ನೀವು ಬಸ್ಸಿನ್ಯಾಗ ನಿಧಾನಕ ಬರ್ರಿ.”

ನಾವು ಶಿಗ್ಗಾಂವ ಮುಟ್ಟುವಾಗ ಅವಳ ಅರ್ಧ ಬುಟ್ಟಿ ಖಾಲಿಯಾಗಿತ್ತು.

ಚಟ್ನಿಯ ಎಣ್ಣೆ

ಜಾರಬಂಡಿಯ ಮುಂದೆ ನಮ್ಮ ಹುಡುಗಿಯರು ಸಾಲಾಗಿ ನಿಂತು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದರು. ಮೊದಲನೆಯವಳು ನಡುವೆಯೇ ಸಿಕ್ಕಿಕೊಂಡಳು. ಕಬ್ಬಿಣ ಒರಟಾಗಿತ್ತು, ಲಂಗದ ಬಟ್ಟೆ ಅದಕ್ಕಿಂತ ಒರಟು. ಬಡಿಗೇರರ ಹುಡುಗಿ ತಲೆ ಅಲ್ಲಾಡಿಸಿ, “ಅಕ್ಕಾರ, ಇದು ಎಣ್ಣಿ ಬೇಡಾಕತ್ತೇತ್ರಿ. ನಮ್ಮಪ್ಪ ಗಾಡಿ ಗಾಲಿಗೆ ಹಾಕತಾನಲ್ಲ, ಹಂಗ,” ಅಂದಳು. ನಾನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಚಟ್ನಿಪುಡಿಗೆಂದು ತಂದ ಶೇಂಗಾ ಎಣ್ಣೆಯ ಬಾಟಲಿ ಮೇಲಿನಿಂದ ಕೆಳಗಿನವರೆಗೆ ಖಾಲಿಯಾಗಿತ್ತು.

ಆ ಹೊತ್ತಿಗೆ ಎಲ್ಲರಿಗಿಂತ ಸಣ್ಣವಳು ತುದಿಗೆ ಹತ್ತಿ, ಕೆಳಗೆ ನೋಡಿ ಅಳಲು ಶುರುಮಾಡಿದಳು. ನಾನು ಕಚ್ಚೆ ಬಿಗಿದು ಹತ್ತಿದೆ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕುಳಿತದ್ದಷ್ಟೇ ನನಗೆ ಗೊತ್ತು. ಕಣ್ಣು ಬಿಟ್ಟಾಗ ಇಬ್ಬರೂ ಮಾರುದೂರದ ಮರಳಿನಲ್ಲಿದ್ದೆವು, ನನ್ನ ಮೊಣಕಾಲು ತರಚಿತ್ತು. ಕಾವಲುಗಾರ ಓಡಿಬಂದು ಕೈಮುಗಿದ. “ಬಾಯಾರ, ಇದು ಸಣ್ಣ ಹುಡುಗೂರ ಸಲುವಾಗಿ ಐತ್ರಿ.”

ತೊಡೆಯ ಮೇಲಿದ್ದವಳು ಅಳು ನಿಲ್ಲಿಸಿ, “ಅಕ್ಕಾರ, ಇನ್ನೊಮ್ಮೆ ಹೋಗೂಣು,” ಅಂದಳು.

ಅವಳ ಪಾಳಿ

ನಿಶ್ಚಯವಾದ ಹುಡುಗಿ ಬೇವಿನ ಗಿಡದ ಕೆಳಗೆ ಹನ್ನೊಂದು ಬುತ್ತಿಗಂಟು ಕಾಯುತ್ತ ಕುಳಿತಿದ್ದಳು. ನಾನು ಕುಂಟುತ್ತ ಹೋಗಿ ಪಕ್ಕದಲ್ಲಿ ಕುಳಿತೆ.

“ಹೆಂಗಿತ್ರಿ ಅಕ್ಕಾರ?”

ಸುಳ್ಳು ಹೇಳಬಹುದಿತ್ತು. “ಭಾಳ ಛಲೋ ಇತ್ತವಾ,” ಅಂದೆ.

“ನಾನೂ ಒಮ್ಮೆ ಹೋಗಲೇನ್ರಿ?”

“ಬ್ಯಾಡವಾ. ನಿಮ್ಮಪ್ಪಗ ಮಾತು ಕೊಟ್ಟೇನಿ.”

ಬುತ್ತಿಗಂಟುಗಳನ್ನು ಸಾಲಾಗಿ ಸರಿಸಿಟ್ಟು ಮತ್ತೆ ಕೇಳಿದಳು. “ಜಾರೂದಿಲ್ರಿ. ಬರೇ ಮ್ಯಾಲ ಹತ್ತಿ ಕುಂತು, ಹತ್ತಿದ ಮೆಟ್ಟಲದಾಗ ಇಳದು ಬರ್ತೇನಿ.”

“ಹತ್ತೂದೂ ಬ್ಯಾಡ ಅಂದಾರ.”

ಮೂರನೆಯ ಸಲ ಕೇಳಲಿಲ್ಲ. ಮಕ್ಕಳಿಗೆ ನಾನು ಹೊಡೆದದ್ದುಂಟು, ಬೈದದ್ದುಂಟು, ಅದ್ಯಾವುದೂ ಇದರಷ್ಟು ನನ್ನನ್ನು ಚುಚ್ಚಿಲ್ಲ. ಜಾರಿ ಬಂದು ಅದರ ಸುಖ ಅವಳಿಗೆ ಹೇಳಿ, ಆಮೇಲೆ ಬೇಡ ಅಂದೆನಲ್ಲ. ಲಗ್ನವಾದ ಮೇಲೆ ಯಾವ ಅತ್ತೆ ಅವಳನ್ನು ಹುಬ್ಬಳ್ಳಿಗೆ ಜಾರಲು ಕಳಿಸುತ್ತಾಳೆ? ಅದು ನನಗೆ ಅಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮಾತಿಗೆ ತಪ್ಪದ ದೊಡ್ಡವಳಂತೆ ಕುಳಿತೆ.

ಸಣ್ಣವಳು ಆಗಲೇ ಓಡಿಬಂದು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಅಕ್ಕಾ, ನಿನ್ನ ಪಾಳಿ ನಾ ಜಾರಿ ಬರಲೇನು?” ಅಂದಳು. ನಿಶ್ಚಯವಾದವಳು ಹೂಂ ಅಂದಳು. ಸಣ್ಣವಳು ಹೋಗಿ ಜಾರಿ ಬಂದು, “ನಿನಗ ಭಾಳ ಮಜಾ ಬಂತು ನೋಡು,” ಎಂದು ವರದಿ ಒಪ್ಪಿಸಿದಳು.

ಒಪ್ಪಿಸಿದ್ದು

ಸಂಜೆ ಊರು ಮುಟ್ಟಿದೆವು. ಹತ್ತು ಹುಡುಗಿಯರ ಮೈಯೆಲ್ಲ ಎಣ್ಣೆ, ಮಣ್ಣು. ಅವಳೊಬ್ಬಳು ಇಸ್ತ್ರಿ ಮಾಡಿಟ್ಟ ಸೀರೆಯ ಹಾಗಿದ್ದಳು. ಅವಳ ಮನೆಗೆ ಎಲ್ಲರಿಗಿಂತ ಮೊದಲು ಹೋದೆ. ಅಪ್ಪ ಮಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಒಂದು ಗೀರೂ ಇಲ್ರಿ,” ಅಂದೆ.

“ಆಡೇ ಇಲ್ಲೇನ್ರಿ?”

“ನೀವ ಬ್ಯಾಡ ಅಂದಿದ್ರಲ್ರಿ.”

ಅವನು ಕಟ್ಟೆಯ ಮೇಲೆ ಕುಳಿತುಬಿಟ್ಟ. “ನಾ ಅಪ್ಪ ಅದೇನ್ರಿ, ಬ್ಯಾಡ ಅನ್ನಬೇಕು. ನೀವು ನನ್ನ ಮುಂದ ಹೂಂ ಅಂದು, ಅಲ್ಲಿ ಹೋಗಿ ಆಡಸ್ತೀರಿ ಅಂತ ತಿಳಕೊಂಡಿದ್ದೆ. ಇಲ್ಲಾಂದ್ರ ಯಾಕ ಕಳಸ್ತಿದ್ದೆ?”

ಅಷ್ಟರಲ್ಲಿ ತಾಯಿ ಒಳಗಿನಿಂದ ಒಂದು ಬಟ್ಟಲು ತಂದಳು. ಬೆಚ್ಚಗಿನ ಕೊಬ್ಬರಿ ಎಣ್ಣೆ, ಅರಿಶಿಣ. ಮಗಳು ಮೊಣಕಾಲು ಕೆತ್ತಿಸಿಕೊಂಡು ಬರುತ್ತಾಳೆಂದು ಮಧ್ಯಾಹ್ನವೇ ಕಲಸಿಟ್ಟಿದ್ದಳಂತೆ. ಮಗಳನ್ನು ನೋಡಿದಳು, ಬಟ್ಟಲು ನೋಡಿದಳು.

ಹುಡುಗಿ ಬಟ್ಟಲು ಇಸಕೊಂಡು ನನ್ನ ಮುಂದೆ ಕುಳಿತಳು. ನನ್ನ ಸೀರೆಯ ಅಂಚು ಸರಿಸಿ, ತರಚಿದ ಮೊಣಕಾಲಿಗೆ ಮೆಲ್ಲಗೆ ಅರಿಶಿಣ ಹಚ್ಚಿದಳು. ಹಚ್ಚುತ್ತ ಹಚ್ಚುತ್ತ, ತಲೆ ಎತ್ತದೆ ಕೇಳಿದಳು:

“ಅಕ್ಕಾರ, ನಿಮ್ಮಪ್ಪಗ ಯಾರೂ ಮಾತು ಕೊಟ್ಟಿರಲಿಲ್ಲೇನ್ರಿ?”