ಕಣಿವೆಯ ಅಜ್ಜಿ ಸಾಯಲೊಲ್ಲಳು

ಮೇ ಹತ್ತನೆಯ ತಾರೀಖು. ಬಸವಕಲ್ಯಾಣದಲ್ಲಿ ಕಡು ಬಿಸಿಲು, ಗಾಳಿಯ ಸುಳಿವಿಲ್ಲ.

ನಾನು ಕಾಲೇಜಿನ ಗ್ರಂಥಪಾಲಕ. ಸದ್ದು ಮಾಡಬೇಡಿ ಎಂದು ಹೇಳುವುದಕ್ಕೇ ನನಗೆ ಸಂಬಳ. ಆದರೂ ಮಾತಾಡುವವರು ಎಲ್ಲಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಬಂದ ಮೇಲೆ ಏನಾದರೊಂದು ಆಗಿಯೇ ತೀರುತ್ತದೆ. ಆ ದಿನ ಶುರುವಾದದ್ದೂ ಹಾಗೆಯೇ.

ಹೈದರಾಬಾದಿನ ಒಂದು ಸ್ಟುಡಿಯೋದವರು ವಿಡಿಯೋ ಗೇಮ್ ಒಂದನ್ನು ಕನ್ನಡಕ್ಕೆ ತರುತ್ತಿದ್ದರು. ಲೋಕವೆಲ್ಲ ಹಾಳಾದ ಮೇಲೆ ಕಾಡು ಬೆಳೆದ ಒಂದು ಆಳವಾದ ಕಣಿವೆ. ಅದರಲ್ಲಿ ಅಳಿದುಳಿದವರು ಮೂರು ಬುಡಕಟ್ಟುಗಳಾಗಿ ಬದುಕುತ್ತಾರೆ. ಗೇಮ್ ಆಡುವವನು ದಾರಿ ತಪ್ಪಿ ಅಲ್ಲಿಗೆ ಬಂದ ಪರದೇಶಿ. ಈ ಬುಡಕಟ್ಟುಗಳು ಬೀದರ ಕಡೆಯ ಕನ್ನಡ ಆಡಿದರೆ ಚೆಂದ ಎಂದು ಅಲ್ಲಿ ಯಾರಿಗೋ ಹೊಳೆದಿತ್ತು. ಹಿಂದೆ ಅವರಿಗೆ ಒಂದೆರಡು ಅನುವಾದ ಮಾಡಿಕೊಟ್ಟಿದ್ದೆ. ಈ ಸಲ ಬರೆದರಷ್ಟೇ ಸಾಲದು, ಊರಿನಲ್ಲೇ ದನಿಗಳನ್ನು ಹುಡುಕಿ ರೆಕಾರ್ಡ್ ಮಾಡಿ ಕಳಿಸಿ ಎಂದರು. ಒಂದು ಮೈಕೂ ಬಂತು. ಸರಿಬರದಿದ್ದರೆ ಎಲ್ಲವನ್ನೂ ಬೆಂಗಳೂರಿನಲ್ಲಿ ಬೇರೆಯವರಿಂದ ಆಡಿಸುತ್ತೇವೆ ಎಂಬ ಮಾತೂ ಅದರ ಜೊತೆಗೇ ಬಂತು.

ಸಿನಿಮಾಗಳಲ್ಲಿ ನಮ್ಮ ಮಾತು ಆಡುವವನು ಹೆಚ್ಚಾಗಿ ನಗಿಸಲು ಬಂದವನು. ಒಂದು ಸಲವಾದರೂ ಒಬ್ಬ ನಾಯಕ, ಒಬ್ಬ ಹಿರಿಯಳು ಅದನ್ನು ಆಡಲಿ ಎಂದು ನನಗೆ ಆಸೆ. ಒಪ್ಪಿಕೊಂಡೆ.

೧. ಕೌದಿ

ಹೊರಗಿನ ಸದ್ದು ಒಳಗೆ ಬರಬಾರದು. ಮಲಗುವ ಕೋಣೆಯ ಕಿಟಕಿ, ಬಾಗಿಲು, ಗೋಡೆಗೆಲ್ಲ ಮನೆಯಲ್ಲಿ ಹೊದೆಯುವ ದಪ್ಪ ಕೌದಿಗಳನ್ನು ತೂಗು ಹಾಕಿದೆ. ಫ್ಯಾನಿನ ಸದ್ದೂ ಕೂಡದೆಂದು ಅದನ್ನೂ ನಿಲ್ಲಿಸಿದೆ. ಒಳಗೆ ಹೋದವರು ಬೆವರಿನಲ್ಲಿ ತೊಯ್ದು ಹೊರಬರುತ್ತಿದ್ದರು.

ಮೇ ತಿಂಗಳಲ್ಲಿ ಕಿಟಕಿಗೆ ಕೌದಿ ಕಂಡರೆ ಓಣಿ ಸುಮ್ಮನಿರುತ್ತದೆಯೇ? ಎದುರು ಮನೆಯಾಕೆ, ಓಣಿಗೆಲ್ಲ ಕಾಕು, ಕಷಾಯದ ಚೊಂಬು ಹಿಡಿದು ಬಂದರು. ಯಾರಿಗೆ ಚಳಿಜ್ವರ ಎಂದು ಕೇಳಿದರು. ಯಾರಿಗೂ ಇಲ್ಲ ಎಂದು ನನ್ನ ಹೆಂಡತಿ ಕಣಿವೆ, ಬುಡಕಟ್ಟು, ಹಾಳಾದ ಲೋಕ ಎಲ್ಲವನ್ನೂ ವಿವರಿಸಿದಳು. ಕಾಕು ಪೂರ್ತಿ ಕೇಳಿಸಿಕೊಂಡರು. ಬೆವರುತ್ತ ಹೊರಬಂದ ನನ್ನನ್ನು ನೋಡಿದರು. ಆಮೇಲೆ ಚೊಂಬನ್ನು ಅಲ್ಲೇ ಇಟ್ಟು, "ಇರ್ಲಿ, ಕುಡೀರಿ. ಆ ಕಣಿವ್ಯಾಗ ಥಂಡಿ ಭಾಳ ಇರಬೇಕು" ಎಂದು ಹೋದರು.

೨. ಯುದ್ಧ ಘೋಷಣೆ

ಮೇಲಿನ ಬಂಡೆಗಳ ಬುಡಕಟ್ಟಿನ ನಾಯಕನಿಗೆ ಗಡಸು ದನಿ ಬೇಕಿತ್ತು. ಹುಮನಾಬಾದಿನಲ್ಲಿ ಆಟೋಕ್ಕೆ ಭೋಂಗಾ ಕಟ್ಟಿಕೊಂಡು ಊರೆಲ್ಲ ಸಾರುವವನೊಬ್ಬ ಇದ್ದಾನೆ. ಸೀರೆ ಸೇಲು, ನೀರು ಬರುವ ಹೊತ್ತು, ಮಾಣಿಕನಗರದ ಜಾತ್ರೆಯಲ್ಲಿ ಕಳೆದುಹೋದ ಮಗು, ಎಲ್ಲವೂ ಅವನ ಬಾಯಿಂದಲೇ ತಿಳಿಯಬೇಕು. ಕರೆದೆ. ಆಟೋ ತಗೊಂಡೇ ಬಂದ.

ಮೈಕಿನ ಮುಂದೆ ಅವನಿಗೆ ಒಂದಿಷ್ಟೂ ಅಳುಕಿಲ್ಲ. ಅವನ ದನಿಗೆ ಕೌದಿಗಳು ಅಲುಗಿದವು. ಆದರೆ ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಿದ್ದ. ಒಂದೇ ಸಲ ಸಾಕು ಎಂದೆ. ಒಂದು ಸಲ ಹೇಳಿದರೆ ಹಿಂದಿನ ಓಣಿಯವರಿಗೆ ಕೇಳಿಸುವುದಿಲ್ಲ ಎಂದ. ಕಣಿವೆಯಲ್ಲಿ ಹಿಂದಿನ ಓಣಿ ಇಲ್ಲ ಎಂದು ಒಪ್ಪಿಸುವುದರಲ್ಲಿ ಮಧ್ಯಾಹ್ನವಾಯಿತು.

ಕೊನೆಗೆ ಯುದ್ಧದ ಮಾತು. ನಾಯಕ ಬಂಡೆಯ ಮೇಲೆ ನಿಂತು ಕೆಳಗಿನವರಿಗೆ ಬೆದರಿಕೆ ಹಾಕಬೇಕು. ಅವನು ಉಸಿರು ತುಂಬಿಕೊಂಡು, ಮೈ ಜುಮ್ಮೆನ್ನುವ ಹಾಗೆ ಹೇಳಿದ: "ನಾಳಿ ಹೊತ್ತು ಹುಟ್ಟೂದ್ರಾಗ ನಿಮ್ಮ ಗುಡಸಲಾ ಎಲ್ಲಾ ಸುಟ್ಟು ಬೂದಿ ಮಾಡ್ತೀವಿ. ದಯಮಾಡಿ ಎಲ್ಲಾರೂ ಸಹಕಾರ ಕೊಡಬೇಕಂತ ವಿನಂತಿ."

೩. ಬಾಗಿಲ ಕಾವಲು

ನದಿಯ ಬುಡಕಟ್ಟಿನ ಕಾವಲುಗಾರನಿಗೆ ಇದ್ದದ್ದು ಒಂದೇ ಸಾಲು. ಬಾಯಾರಿ ಬಂದ ಪರದೇಶಿಗೆ ‘ನೀರಿಲ್ಲ, ಹೋಗು’ ಎನ್ನಬೇಕು. ಆಗ ಪರದೇಶಿ ಬಾಗಿಲ ಆಸೆ ಬಿಟ್ಟು ಗುಡ್ಡ ಸುತ್ತಿಕೊಂಡು ಬೇರೆ ದಾರಿ ಹುಡುಕುತ್ತಾನೆ.

ಈ ಮಾತಿಗೆ ನಮ್ಮ ಓಣಿಯ ಟೇಲರ್ ಚಾಚಾ ಕುಳಿತರು. ತಾತ ಮುತ್ತಾತಂದಿರ ಕಾಲದಿಂದ ಅವರದು ಇದೇ ಊರು, ಇದೇ ಕಸುಬು. ಅಂಗಡಿಯ ಮುಂದೆ ಹೋಗಿಬರುವವರಿಗೆ ನೀರಿನ ಮಡಕೆ ಇಟ್ಟಿರುತ್ತಾರೆ. ಮೈಕಿನ ಮುಂದೆ ಬಾಯಿ ತೆರೆದರು, ಮುಚ್ಚಿದರು. "ಸಾಬ್, ಬಿಸಲಾಗ ಬಂದವಗ ನೀರಿಲ್ಲ ಅನ್ನೂದು ಗುನಾ ಅದರಿ, ಪಾಪ. ನನ್ನ ಬಾಯಾಗ ಬರೂದಿಲ್ಲ."

ಹಾಗಾದರೆ ನಿಮ್ಮ ರೀತಿಯಲ್ಲೇ ಅವನನ್ನು ಸಾಗಹಾಕಿ ಎಂದೆ. ಚಾಚಾರ ಮುಖ ಅರಳಿತು. ಇಲ್ಲ ಎನ್ನದೆ ಗಿರಾಕಿಯನ್ನು ಸಾಗಹಾಕುವುದರಲ್ಲೇ ಅವರ ಆಯುಷ್ಯ ಕಳೆದಿದೆ. ಅಳುಕಿಲ್ಲದೆ, ಅಕ್ಕರೆಯಿಂದ ಅಂದರು: "ಆಗೇ ಬಿಟ್ಟದರಿ, ಜರಾ ಬಾಕಿ ಅದ. ನಾಳಿ ಬರ್ರಿ." ‘ನೀರು’ ಎಂಬ ಒಂದು ಪದವನ್ನು ಅವರಿಂದಲೇ ಹೇಳಿಸಿ ಮೊದಲಿಗೆ ಸೇರಿಸಿ ಕಳಿಸಿದೆ.

ವಾರದ ಮೇಲೆ ಸ್ಟುಡಿಯೋದಿಂದ ಫೋನು. ಗೇಮ್ ಆಡಿ ಪರೀಕ್ಷಿಸುವವನು ಬೇರೆ ದಾರಿ ಹುಡುಕುತ್ತಲೇ ಇಲ್ಲವಂತೆ. ಬಾಗಿಲ ಬಳಿ ಮಲಗುತ್ತಾನೆ, ಕಣಿವೆಯಲ್ಲಿ ಬೆಳಗಾದ ಕೂಡಲೇ ಎದ್ದು ಮತ್ತೆ ಕೇಳುತ್ತಾನೆ, ‘ನಾಳಿ ಬರ್ರಿ’ ಅನ್ನಿಸಿಕೊಂಡು ಮತ್ತೆ ಮಲಗುತ್ತಾನೆ. ಮಾತು ಬದಲಿಸದೆ ಗತಿಯಿಲ್ಲವೆಂದು ಚಾಚಾರಿಗೆ ಹೇಳಹೋದೆ. ಅವರು ಕತ್ತರಿ ಕೆಳಗಿಟ್ಟು, ಮರುಕದಿಂದ, "ಅಂವಗ ಹೇಳ್ರಿ ಸಾಬ್, ಬರೂಕಿಂತ ಮೊದಲ ಒಂದು ಫೋನ್ ಮಾಡಿ ಬರ್ಲಿ" ಎಂದರು.

೪. ಸಾವು

ಕಣಿವೆಯಲ್ಲಿ ಎಲ್ಲರೂ ಅಂಜುವುದು ನದಿ ಬುಡಕಟ್ಟಿನ ಅಜ್ಜಿಗೆ. ಅವಳ ದನಿ ನಮ್ಮ ಬಳೆಗಾರ ಆಯಿಯದು. ಬಳೆಯ ಮಲಾರ ಹೊತ್ತು ಹುಲಸೂರ, ಮೋರಖಂಡಿ ತಿರುಗುವ ಮುದುಕಿ. ಓದಲು ಬರುವುದಿಲ್ಲ, ನಾನು ಒಮ್ಮೆ ಹೇಳಿದರೆ ಸಾಕು, ಅದನ್ನು ತನ್ನದೇ ಮಾತಾಗಿ ಮಾಡಿ ಆಡುತ್ತಿದ್ದಳು. ಸ್ಟುಡಿಯೋದಲ್ಲಿ ನಮ್ಮ ದನಿಗಳನ್ನು ಕೇಳಿ ಒಪ್ಪುವ ಮೇಡಂ ಹಾಸನ ಕಡೆಯವರು. ಈ ಅಜ್ಜಿಯ ದನಿ ಕೇಳಿದರೆ ಕೂತಲ್ಲೇ ನೆಟ್ಟಗಾಗುತ್ತೇನೆ ಎನ್ನುತ್ತಿದ್ದರು. ಆಯಿಯೂ ಬಳೆ ಇಡುವ ಮನೆಮನೆಯಲ್ಲೂ, ನಿಮ್ಮ ಮೊಮ್ಮಕ್ಕಳ ಫೋನಿನಲ್ಲಿ ಇನ್ನು ನಾನೇ ಮಾತಾಡುವವಳು ಎಂದು ಹೇಳಿಕೊಂಡು ಬಂದಿದ್ದಳು.

ಉಳಿದದ್ದು ಒಂದೇ ದೃಶ್ಯ. ಬಾಣ ತಾಗಿ ಅಜ್ಜಿ ಸಾಯಬೇಕು, ಸಾಯುವಾಗ ಒಮ್ಮೆ ಕೂಗಬೇಕು. ಮರುದಿನದೊಳಗೆ ಎಲ್ಲವನ್ನೂ ಕಳಿಸಿ ಮುಗಿಸಬೇಕಿತ್ತು. ಅದೊಂದು ಬಾರದಿದ್ದರೆ ಅಜ್ಜಿಯ ಪಾತ್ರವನ್ನೇ ಬೆಂಗಳೂರಿನಲ್ಲಿ ಬೇರೆಯವರಿಂದ ಮಾಡಿಸುತ್ತೇವೆ ಎಂದು ಮೇಡಂ ಬೇಸರದಿಂದಲೇ ಹೇಳಿದ್ದರು.

ಆಯಿ ಬಂದಳು, ಕುಳಿತಳು, ವಿಷಯ ಕೇಳಿದಳು, ಎದ್ದಳು.

"ತಮ್ಮಾ, ಮನಿ ಮುಂದ ಹಂದರ ಹಾಕೇವಿ. ಮೊಮ್ಮಗಳ ಲಗ್ನ ಮುಗಿಯೂತನಕ ನಾ ಸಾಯೂದಿಲ್ಲ."

ಸುಳ್ಳು ಸಾವು ಎಂದೆ. ಕೂಗು ಸುಳ್ಳಲ್ಲವಲ್ಲ ಎಂದಳು. ಅವಳು ಹೇಳಿದ್ದರಲ್ಲಿ ಇನ್ನೂ ಒಂದು ನ್ಯಾಯವಿತ್ತು. ಆಗ ಲಗ್ನಸರಾಯಿ, ಮದುವೆಗಳ ಕಾಲ; ಮದುಮಗಳಿಗೆ ಬಳೆ ಇಡುವ ಕೈ ಅವಳದು. ಓಣಿ ಕೇಳುವ ಹಾಗೆ ಸತ್ತು ಬಂದವಳನ್ನು ಯಾವ ತಾಯಿ ಮನೆಗೆ ಕರೆಯುತ್ತಾಳೆ? ಹಾಗೆಂದು ಪಾತ್ರ ಬಿಟ್ಟುಕೊಡುವ ಮನಸ್ಸೂ ಅವಳಿಗಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಮೇಡಂಗೆ ಫೋನ್ ಮಾಡಿದೆ. ಬರೀ ಕೂಗು ತಾನೇ, ಯಾರು ಕೂಗಿದರೂ ಗೊತ್ತಾಗುವುದಿಲ್ಲ, ಬೇರೆ ಯಾರಾದರೂ ಸತ್ತರೂ ನಡೆಯುತ್ತದೆ ಎಂದರು.

ಚಾಚಾರನ್ನು ಕೇಳಿದೆ. ಅರ್ಧ ಊರಿನ ಲಗ್ನದ ಬಟ್ಟೆ ನನ್ನಲ್ಲಿದೆ, ಈಗ ನಾನು ಸತ್ತೆ ಎಂದು ಸುದ್ದಿಯಾದರೆ ಜನ ಬಾಗಿಲು ಮುರಿದು ನುಗ್ಗುತ್ತಾರೆ ಎಂದು ಕೈಮುಗಿದರು. ಹುಮನಾಬಾದಿನ ಆಟೋದವನು ಸಂತೋಷದಿಂದ ಒಪ್ಪಿ ಬಂದ. ಆದರೆ ಇಷ್ಟು ದಿನ ಅವನು ಸಾರಿದ್ದು ಬೇರೆಯವರ ಸಾವು. ಮೈಕು ಕಂಡದ್ದೇ, ಕಣಿವೆಯ ಹಿರಿಯ ಜೀವ ತೀರಿಕೊಂಡದ್ದನ್ನು ಗಂಭೀರವಾಗಿ ತಿಳಿಸಿ, ಮಣ್ಣು ಮಾಡುವ ಹೊತ್ತನ್ನೂ ಹೇಳಿಬಿಟ್ಟ.

ಉಳಿದವನು ನಾನು. ಹೆಂಡತಿ ಫೋನ್ ಹಿಡಿದು ಮೂಲೆಯಲ್ಲಿ ನಿಂತಳು. ಮೇಡಂ ಅದರಲ್ಲಿ ಕೇಳುತ್ತಿದ್ದರು. ಆಯಿ ಹೊರಗೆ ಕಟ್ಟೆಯ ಮೇಲೆ ಎರಡೂ ಕಿವಿ ಮುಚ್ಚಿಕೊಂಡಳು. ನಾನು ಕಣ್ಣು ಮುಚ್ಚಿ, ನನಗೆ ಸಾಧ್ಯವಾದಷ್ಟು ಸಂಕಟದಿಂದ ಪ್ರಾಣ ಬಿಟ್ಟೆ.

ಫೋನಿನೊಳಗಿಂದ ಮೇಡಂ ಮೆಲ್ಲಗೆ, "ಸರ್, ನೀವು ಸತ್ತಿದ್ದು ಕೇಳಿಸಲಿಲ್ಲ" ಎಂದರು.

ಹೆಂಡತಿ ಮುಖ ತಿರುಗಿಸಿಕೊಂಡಳು. ನಗುವಿಗೆ ಭುಜ ಅಲುಗುತ್ತಿತ್ತು. ಅದನ್ನು ನೋಡಿ ನನಗೂ ರೋಷ ಬಂತು. ಆ ರೋಷದಲ್ಲಿ "ಯವ್ವಾ" ಎಂದು ಚೀರಿ ಇನ್ನೊಮ್ಮೆ ಸತ್ತೆ. ಎದುರು ಮನೆಯ ಕಾಕು ಓಡಿ ಬಂದರು, ಅವರ ಹಿಂದೆ ಓಣಿ ಬಂತು. ಕಿವಿ ಮುಚ್ಚಿಕೊಂಡಿದ್ದ ಆಯಿಗೂ ಕೇಳಿಸಿತ್ತು. ಅವಳು ನೇರ ಅಡುಗೆಮನೆಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನನ್ನ ದೃಷ್ಟಿ ತೆಗೆದಳು. ಆಮೇಲೆ ಮಲಾರ ಬಿಚ್ಚಿ ನನ್ನ ಹೆಂಡತಿಯನ್ನು ಕೂಡಿಸಿ, ಎರಡೂ ಕೈತುಂಬ ಹಸಿರು ಬಳೆ ಇಟ್ಟಳು. "ನನ್ನ ಸಾವು ನಿನ್ನ ಗಂಡ ಸತ್ತಾನ, ರೊಕ್ಕದ ಮಾತು ಆಡಬ್ಯಾಡ" ಎಂದಳು.

ಕೂಗು ಒಪ್ಪಿತವಾಯಿತು. ಅಜ್ಜಿಯ ಪಾತ್ರ ಆಯಿಯದೇ ಆಗಿ ಉಳಿಯಿತು. ಲಗ್ನವೂ ಚೆನ್ನಾಗಿ ಆಯಿತು. ಸ್ಟುಡಿಯೋದವರು ಪರೀಕ್ಷೆಗೆಂದು ನನ್ನ ಫೋನಿಗೆ ಕಳಿಸಿದ್ದ ಕಣಿವೆಯನ್ನು ಹಂದರದಲ್ಲಿ ಯಾರೋ ತೆರೆದು ಆಯಿಯ ಬೈಗುಳ ಕೇಳಿಸಿದಾಗ, ಬೀಗರು ಊಟದ ಎಲೆ ಬಿಟ್ಟು ನೋಡಲು ಬಂದರು.

ಒಂದು ತಿಂಗಳಿಗೆ ಸ್ಟುಡಿಯೋದವರು ಎಲ್ಲರಿಗೂ ಕೊಡಬೇಕಾದ್ದನ್ನು ಕೊಟ್ಟರು. ಆಯಿಗೆ ಬಂದದ್ದರಲ್ಲಿ ಮೊಮ್ಮಗಳಿಗೆ ಬೆಳ್ಳಿಯ ಕಾಲುಚೈನು ಆಯಿತು. ಸಂಜೆ ಚಹಾ ಕೊಡುತ್ತ ಹೆಂಡತಿ ಕೇಳಿದಳು: "ಮತ್ತ ನೀವು ಸತ್ತಿದ್ದಕ್ಕ ಏನು ಕೊಟ್ರು?"

ಅವರು ಕೊಡುವುದು ಆಡಿದ ಮಾತಿಗೆ, ಒಂದೊಂದು ಪದಕ್ಕೆ ಇಷ್ಟು ಎಂದೆ. ಕೂಗಿಗೆ ಲೆಕ್ಕವಿಲ್ಲ. ಎರಡನೆಯ ಸಲ ಸಾಯುವಾಗ ಬಾಯಿ ತಪ್ಪಿ "ಯವ್ವಾ" ಅಂದಿದ್ದೆನಲ್ಲ, ಆ ಒಂದು ಪದದ್ದು ಬಂದಿದೆ. ಅದರಲ್ಲಿ ಬಸ್ ಸ್ಟ್ಯಾಂಡಿನ ಅರ್ಧ ಕಪ್ ಚಹಾವೂ ಬರುವುದಿಲ್ಲ.

ಅವಳು ಬಳೆ ಹಿಂದಕ್ಕೆ ಸರಿಸಿಕೊಂಡು ನನ್ನನ್ನೇ ನೋಡಿದಳು.

"ಬದುಕಿದ್ದಾಗಂತೂ ಮಾತಾಡೂದಿಲ್ಲ. ಸಾಯೂವಾಗಾದ್ರೂ ನಾಕು ಮಾತು ಹೆಚ್ಚಿಗಿ ಆಡಬಾರದಾಗಿತ್ತೇನ್ರಿ?"